ಕರ್ನಲ್ ಅಪ್‌ಡೇಟ್ ಆಗಿ ವೈಫೈ ಹೋದರೆ ಫಾರ್ಮ್ಯಾಟ್ ಬೇಡ, ಮೊದಲು ಡಿಮೆಸೆಜ್ ಓದಿ

ಬದಿಯಡ್ಕ, ಕುಂಬಳೆ, ಪೆರ್ಲ ಕಡೆಯ ಶಾಲೆಗಳ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಿಂಡೋಸ್ ಬದಲು ಲಿನಕ್ಸ್ ಇರುವುದರಿಂದ ನನಗೆ ಬರುವ ರಿಪೇರಿಯೂ ಜಾಸ್ತಿ ಅದರದ್ದೇ. ರಜೆ ಮುಗಿದು ಜೂನ್‌ನಲ್ಲಿ ಲ್ಯಾಬ್ ತೆರೆದ ಕೂಡಲೇ ಅಷ್ಟೂ ಮೆಷಿನ್ ಒಟ್ಟಿಗೆ ಅಪ್‌ಡೇಟ್ ಆಗುತ್ತವೆ, ಹೊಸ ಕರ್ನಲ್ (ಹಾರ್ಡ್‌ವೇರ್ ನಡೆಸುವ, ಲಿನಕ್ಸ್‌ನ ತಿರುಳಿನ ಭಾಗ) ಬರುತ್ತದೆ, ಮರುದಿನ ಟೀಚರ್ ಫೋನ್: "ಮಾರಾಯ್ರೇ, ವೈಫೈ ಕಾಣ್ತಾನೇ ಇಲ್ಲ, ಒಮ್ಮೆ ಫಾರ್ಮ್ಯಾಟ್ ಮಾಡಿ ಕೊಡಿ."

ಫಾರ್ಮ್ಯಾಟ್ ಮಾಡಿದರೆ ಮಕ್ಕಳ ಫೈಲ್ ಹೋಗುತ್ತದೆ, ಮುಂದಿನ ಅಪ್‌ಡೇಟ್‌ಗೆ ಅದೇ ತೊಂದರೆ ಮತ್ತೆ ಬರುತ್ತದೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ವೈಫೈಯಂಥ ಸಾಧನ ನಡೆಸುವ ಡ್ರೈವರ್‌ಗಳು ಮಾಡ್ಯೂಲ್ ಎಂಬ ಫೈಲುಗಳಾಗಿರುತ್ತವೆ, ಪ್ರತಿ ಕರ್ನಲ್‌ಗೂ ಅದರದ್ದೇ ಮಾಡ್ಯೂಲ್ ಫೋಲ್ಡರ್ ಇರುತ್ತದೆ. ಹಳೇ ಕರ್ನಲ್‌ಗೆ ಕಂಪೈಲ್ ಮಾಡಿದ (ಕೋಡ್‌ನಿಂದ ತಯಾರಿಸಿದ) ಡ್ರೈವರ್ ಹೊಸದರಲ್ಲಿ ನಡೆಯುತ್ತದೆ ಅಂತ ಲಿನಕ್ಸ್‌ನವರು ಯಾವತ್ತೂ ಮಾತು ಕೊಟ್ಟಿಲ್ಲ. ಕರ್ನಲ್ ಜೊತೆಗೇ ಬರುವ ಡ್ರೈವರ್‌ಗೆ ಚಿಂತೆ ಇಲ್ಲ, ಹೊರಗಿನಿಂದ ತಂದು ಹಾಕಿದ್ದೇ ಕೈಕೊಡುವುದು. ಇದಕ್ಕೆಂದೇ ಡೆಲ್‌ನವರು 2003ರಲ್ಲಿ ಡಿಕೆಎಂಎಸ್ (DKMS) ಎಂಬ ಸಾಫ್ಟ್‌ವೇರ್ ತಂದರು. ಹೊಸ ಕರ್ನಲ್ ಬಂದಾಗಲೆಲ್ಲ ಅದು ಡ್ರೈವರನ್ನು ಮತ್ತೆ ಕಂಪೈಲ್ ಮಾಡುತ್ತದೆ. ಆದರೆ ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ (ಕಂಪೈಲ್ ಮಾಡಲು ಬೇಕಾದ ಫೈಲುಗಳು) ಇಲ್ಲದಿದ್ದರೆ ಅದೂ ಏನೂ ಮಾಡಲಾರದು.

ಹಾಗಾಗಿ ನಾನು ಮೊದಲು ಟರ್ಮಿನಲ್‌ನಲ್ಲಿ ಯುನೇಮ್ -ಆರ್ (uname -r) ಕಮಾಂಡ್ ಕೊಟ್ಟು ಯಾವ ಕರ್ನಲ್ ಓಡುತ್ತಿದೆ ಅಂತ ನೋಡುತ್ತೇನೆ. ಆಮೇಲೆ ಡಿಕೆಎಂಎಸ್ ಸ್ಟೇಟಸ್ ಕೊಟ್ಟು ಆ ಕರ್ನಲ್‌ಗೆ ಡ್ರೈವರ್ ತಯಾರಾಗಿದೆಯಾ ಅಂತ. ಆಮೇಲೆ ಡ್ರೈವರನ್ನು ಲೋಡ್ ಮಾಡುವ ಮಾಡ್‌ಪ್ರೋಬ್ (modprobe) ಕೊಟ್ಟು ಅದು ಹೇಳುವ ಎರರ್ ಮತ್ತು ಡಿಮೆಸೆಜ್‌ನ (dmesg, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಕಮಾಂಡ್) ಕೊನೆಯ ಸಾಲುಗಳನ್ನು ಓದುತ್ತೇನೆ. "ನಾಟ್ ಫೌಂಡ್" ಅಂದರೆ ಮಾಡ್ಯೂಲ್ ಆ ಫೋಲ್ಡರಿನಲ್ಲೇ ಇಲ್ಲ. "ಎಕ್ಸೆಕ್ ಫಾರ್ಮ್ಯಾಟ್ ಎರರ್" ಅಂದರೆ ಸಾಮಾನ್ಯವಾಗಿ ಬೇರೆ ಕರ್ನಲ್‌ಗೆ ಕಂಪೈಲ್ ಆದದ್ದು, ಮಾಡ್‌ಇನ್ಫೋ (modinfo) ಕೊಟ್ಟು, ಯಾವ ಕರ್ನಲ್‌ಗೆ ಕಂಪೈಲ್ ಆಗಿದೆ ಅಂತ ಹೇಳುವ ವರ್‌ಮ್ಯಾಜಿಕ್ ಸಾಲು ನೋಡಿದರೆ ಗೊತ್ತಾಗುತ್ತದೆ.

ಹೆಚ್ಚು ಕಾಡಿದ್ದು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04. ಅದು ಬಂದದ್ದು 5.15 ಕರ್ನಲ್ ಜೊತೆ, ಆಮೇಲೆ ಅಪ್‌ಡೇಟ್‌ನಲ್ಲಿ 6.5 ಬಂತು. ಹೆಡರ್ಸ್ ಇತ್ತು, ಡಿಕೆಎಂಎಸ್ ಇತ್ತು, ಆದರೂ ವೈಫೈ ಡಾಂಗಲ್‌ನ ಡ್ರೈವರ್ ಕಂಪೈಲ್ ಆಗಲೇ ಇಲ್ಲ. ಡಿಕೆಎಂಎಸ್‌ನ ಮೇಕ್ ಲಾಗ್ ತೆರೆದು ನೋಡಿದರೆ ಕಂಪೈಲರ್‌ಗೆ ಒಂದು ಆಪ್ಷನ್ ಅರ್ಥವಾಗಿಲ್ಲ ಅಂತಿತ್ತು. ಆ ಕರ್ನಲ್ ಕಂಪೈಲ್ ಆದದ್ದು ಜಿಸಿಸಿ-12ರಲ್ಲಿ (ಜಿಸಿಸಿ ಕಂಪೈಲರ್‌ನ 12ನೇ ಆವೃತ್ತಿ), ಮೆಷಿನ್‌ನಲ್ಲಿದ್ದದ್ದು 11. ಜಿಸಿಸಿ-12 ಹಾಕಿ ಡಿಕೆಎಂಎಸ್ ಆಟೋಇನ್‌ಸ್ಟಾಲ್ ಕೊಟ್ಟ ಮೇಲೆ ಸರಿಯಾಯಿತು. ಇನ್ನೊಂದು ವಿಷಯ, ಡಾಂಗಲ್‌ನ ಚಿಪ್ ರಿಯಲ್‌ಟೆಕ್ 8821ಸಿಯು ಆಗಿದ್ದರೆ 6.2ರಿಂದ ಈಚೆಗೆ ಕರ್ನಲ್‌ನಲ್ಲೇ ಅದರ ಡ್ರೈವರ್ ಇದೆ. ಹೊರಗಿನ ಡ್ರೈವರ್ ತೆಗೆದು, ಅದು ಮಾಡ್‌ಪ್ರೋಬ್.ಡಿ ಫೋಲ್ಡರ್ ಒಳಗೆ ಬರೆದಿಟ್ಟ, ಕರ್ನಲ್‌ನ ಡ್ರೈವರನ್ನು ತಡೆಯುವ ಬ್ಲ್ಯಾಕ್‌ಲಿಸ್ಟ್ ಸಾಲನ್ನೂ ಅಳಿಸಿದರೆ ಈ ರಗಳೆಯೇ ಬೇಡ ಅಲ್ವಾ?

"ಕೀ ವಾಸ್ ರಿಜೆಕ್ಟೆಡ್" ಅಂತ ಬಂದರೆ ಡ್ರೈವರ್ ಚೆನ್ನಾಗಿಯೇ ಇದೆ, ನಂಬಿಕೆಯ ಸಹಿ ಇಲ್ಲದ್ದನ್ನು ಬಿಡದ ಸೆಕ್ಯೂರ್ ಬೂಟ್ ತಡೆಯುತ್ತಿದೆ. ಮೋಕ್‌ಯುಟಿಲ್ (mokutil) ಕಮಾಂಡ್‌ನಿಂದ ಆ ಸಹಿಯ ಕೀ ಸೇರಿಸಿ ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ, 10 ಸೆಕೆಂಡಿನೊಳಗೆ ಕೀಬೋರ್ಡಿನ ಒಂದು ಕೀ ಒತ್ತದಿದ್ದರೆ ಅದು ದಾಟಿ ಹೋಗುತ್ತದೆ. ರಿಮೋಟ್‌ನಲ್ಲಿ ಕೂತು ಇದನ್ನು ಮಾಡಲಾಗುವುದಿಲ್ಲ, ಲ್ಯಾಬ್‌ಗೆ ಹೋಗಲೇಬೇಕು, ಇಲ್ಲವೇ ಟೀಚರ್‌ಗೆ ಮೊದಲೇ ವಿವರಿಸಿ ಹೇಳಿರಬೇಕು.

ನಮ್ಮ ಕಡೆ ಮಳೆಗಾಲದ ಕರೆಂಟ್ ಕಥೆ ಗೊತ್ತಲ್ಲ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಕೆಲವೊಮ್ಮೆ ಹೊಸ ಕರ್ನಲ್ ಇರುತ್ತದೆ, ಅದರ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಡಿಸ್ಕ್ ತೆರೆಯಲು ಬೇಕಾದ ಚಿಕ್ಕ ಫೈಲ್) ಇರುವುದಿಲ್ಲ. ಪರದೆ ಮೇಲೆ ಕರ್ನಲ್ ಪ್ಯಾನಿಕ್, ರೂಟ್ (ಸಿಸ್ಟಮ್ ಇರುವ ಡಿಸ್ಕ್ ಭಾಗ) ಮೌಂಟ್ ಆಗಲಿಲ್ಲ ಅಂತ ಬರುತ್ತದೆ. ಡಿಸ್ಕ್ ಹೋಯಿತು ಅಂತ ಹೆದರಬೇಡಿ. ಕಂಪ್ಯೂಟರ್ ಆನ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ ಆರಿಸಿ ಒಳಗೆ ಹೋಗಿ, ಡಿಪಿಕೆಜಿ ಕಾನ್ಫಿಗರ್ -ಎ (dpkg --configure -a) ಕೊಡಿ, ನಿಂತುಹೋದ ಕೆಲಸ ಪೂರ್ತಿಯಾಗುತ್ತದೆ. ಆಗಲೂ ಇನಿಟ್‌ರಾಮ್‌ಎಫ್‌ಎಸ್ ಬರದಿದ್ದರೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್‌ನಿಂದ ಅದನ್ನು ಮಾಡಿ, ಆಮೇಲೆ ಅಪ್‌ಡೇಟ್-ಗ್ರಬ್ ಕೊಡಿ. ಜಾಗ ಸಾಲದು ಅಂತ ಹಳೇ ಕರ್ನಲ್ ತೆಗೆಯುವವರು ಹೊಸದರಲ್ಲಿ ವೈಫೈ, ಸೌಂಡ್, ಪ್ರೊಜೆಕ್ಟರ್ ಎಲ್ಲ ನಡೆಯುತ್ತಿದೆಯಾ ನೋಡಿಯೇ ತೆಗೆಯಿರಿ.