ಕಾವಲಿಲ್ಲದ ಗೋಡೆ: ಆಗಮನ ಕಾಲದ ಎಚ್ಚರ

ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ಶುಭಸಂದೇಶದಲ್ಲಿ ಬೆತ್ಲೆಹೇಮಿನ ಕಥೆ ಕೇಳಬಹುದೆಂದು ದೇವಾಲಯಕ್ಕೆ ಬಂದವರಿಗೆ ನಿರಾಶೆಯೇ. ಆ ದಿನದ ವಾಚನ ಮೂರು ವರ್ಷಗಳ ಸುತ್ತಿನಲ್ಲಿ ಬದಲಾಗುತ್ತದೆ: ಒಂದು ವರ್ಷ ಮತ್ತಾಯ 24, ಮರುವರ್ಷ ಮಾರ್ಕ 13, ಅದರಾಚೆ ಲೂಕ 21. ಮೂರರಲ್ಲೂ ಕೂಸಿಲ್ಲ, ಕುರುಬರಿಲ್ಲ, ದೇವದೂತರ ಹಾಡಿಲ್ಲ. ಮೂರೂ ಹೇಳುವ ಮಾತು ಒಂದೇ: ಎಚ್ಚರವಾಗಿರಿ.

ಈ ಕಾಲ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುವ ಭಾನುವಾರ ಶುರುವಾಗುತ್ತದೆ. ಆ ವರ್ಷದ ಕ್ರಿಸ್ಮಸ್ ವಾರದ ಯಾವ ದಿನ ಬರುತ್ತದೆಂಬುದರ ಮೇಲೆ 22ರಿಂದ 28 ದಿನ ನಡೆಯುತ್ತದೆ. ಡಿಸೆಂಬರ್ 16ರವರೆಗಿನ ಪ್ರಾರ್ಥನೆಗಳು ಮುಖ್ಯವಾಗಿ ಪ್ರಭುವಿನ ಎರಡನೇ ಬರವನ್ನು ನೋಡುತ್ತವೆ. ಜನನದ ಕಡೆಗೆ ಧರ್ಮಸಭೆ ನೇರವಾಗಿ ತಿರುಗುವುದು 17ರಿಂದ. ನಮ್ಮ ಮನೆಗಳಲ್ಲಿ ಮಾತ್ರ ಲೆಕ್ಕ ಬೇರೆ. ಮೊದಲ ವಾರವೇ ಬಾಗಿಲಿಗೆ ನಕ್ಷತ್ರ ತೂಗುತ್ತದೆ, ಗೋದಲಿಗೆ ಹುಲ್ಲು ಬರುತ್ತದೆ, ಕ್ಯಾರಲ್ಸ್ ತಂಡ ಯಾವ ದಿನ ಯಾರ ಮನೆಗೆ ಎಂಬ ಪಟ್ಟಿ ತಯಾರಾಗುತ್ತದೆ. ಗುರುಗಳು ನೇರಳೆ ಬಣ್ಣದ ಉಡುಪು ತೊಟ್ಟದ್ದನ್ನೂ ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆ ನಿಂತದ್ದನ್ನೂ ಎಷ್ಟು ಮಂದಿ ಗಮನಿಸುತ್ತಾರೋ ಕಾಣೆ. ಕಾಯುವ ಕಾಲ ಕಾಯದೆಯೇ ಮುಗಿದುಹೋಗುತ್ತದೆ.

ಮಾರ್ಕನ 13ನೇ ಅಧ್ಯಾಯದ ಕೊನೆಯಲ್ಲಿ ಯೇಸುಸ್ವಾಮಿ ಒಂದು ಮನೆಯ ಕಥೆ ಹೇಳುತ್ತಾರೆ. ಯಜಮಾನ ಊರಿಗೆ ಹೊರಟಿದ್ದಾನೆ. ಆಳುಗಳಿಗೆ ಅವರವರ ಕೆಲಸ ವಹಿಸಿ, ಬಾಗಿಲು ಕಾಯುವವನಿಗೆ ಎಚ್ಚರವಾಗಿರೆಂದು ಹೇಳಿದ್ದಾನೆ. ಅವನು ಮರಳುವುದು ಸಂಜೆಯೋ, ಮಧ್ಯರಾತ್ರಿಯೋ, ಕೋಳಿ ಕೂಗುವ ಹೊತ್ತೋ, ಬೆಳಗ್ಗೆಯೋ ಯಾರಿಗೂ ಗೊತ್ತಿಲ್ಲ. ಇವು ರೋಮನ್ ಕಾವಲಿನ ನಾಲ್ಕು ಜಾವಗಳು. ಸಂಜೆ ಆರರಿಂದ ಬೆಳಗಿನ ಆರರವರೆಗೆ, ಒಂದೊಂದೂ ಸುಮಾರು ಮೂರು ಗಂಟೆ. ಹಾಳೆ ತಿರುಗಿಸಿ 14ನೇ ಅಧ್ಯಾಯಕ್ಕೆ ಬನ್ನಿ. ಸಂಜೆಯಾದಾಗ ಪ್ರಭು ಹನ್ನೆರಡು ಮಂದಿಯೊಡನೆ ಊಟಕ್ಕೆ ಕೂರುತ್ತಾರೆ, ಹಿಡಿದುಕೊಡುವವನು ಅದೇ ಪಂಕ್ತಿಯಲ್ಲಿದ್ದಾನೆ. ರಾತ್ರಿ ಏರಿದಾಗ ಗೆತ್ಸೆಮನೆ. ಮೂರು ಸಲ ಬಂದು ನೋಡಿದರೂ ಶಿಷ್ಯರಿಗೆ ನಿದ್ದೆಯೇ. ಕೋಳಿ ಕೂಗುವ ಹೊತ್ತಿಗೆ ಪೇತ್ರನ ನಿರಾಕರಣೆ. ಬೆಳಗಾಗುತ್ತಲೇ ಯೇಸುವನ್ನು ಕಟ್ಟಿ ಪಿಲಾತನ ವಶಕ್ಕೆ ಕೊಡುತ್ತಾರೆ, ಜೊತೆಗೆ ಒಬ್ಬ ಶಿಷ್ಯನೂ ಇಲ್ಲ. ನಾಲ್ಕು ಜಾವದಲ್ಲೂ ಕಾವಲು ತಪ್ಪಿತು.

ಎಣ್ಣೆಮರಗಳ ಗುಡ್ಡದ ಮೇಲೆ ಆ ಕಥೆಯನ್ನು ಕೇಳಿಸಿಕೊಂಡವರು ನಾಲ್ವರು: ಪೇತ್ರ, ಯಕೋಬ, ಯೊವಾನ್ನ, ಅಂದ್ರೆಯ. ಅವರಲ್ಲಿ ಮೂವರೇ ಗೆತ್ಸೆಮನೆಯಲ್ಲಿ ನಿದ್ದೆಹೋದದ್ದು. ಎಚ್ಚರಿಕೆಯ ಮಾತು ಕಿವಿಯಲ್ಲಿ ಇನ್ನೂ ಹಸಿಯಾಗಿತ್ತು. ಪೇತ್ರನ ಬೀಳುವಿಕೆ ಅಂಗಳದಲ್ಲಿ ಕೆಲಸದ ಹುಡುಗಿ ಪ್ರಶ್ನಿಸಿದಾಗ ಶುರುವಾದದ್ದೆಂದು ಓದುವುದು ವಾಡಿಕೆ. ನಿಜವಾಗಿ ಅದು ಶುರುವಾದದ್ದು ಮೊದಲೇ, "ಎಲ್ಲರೂ ಹಿಂಜರಿದರೂ ನಾನು ಹಿಂಜರಿಯೆ" ಎಂದಾಗ. ತನ್ನ ಪ್ರೀತಿಯ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ, ಆದ್ದರಿಂದ ಆ ಕಡೆ ಕಾವಲೂ ಇರಲಿಲ್ಲ.

ಪ್ರಕಟನಾ ಗ್ರಂಥದ 3ನೇ ಅಧ್ಯಾಯದಲ್ಲಿ ಸಾರ್ದಿಸ್ ಸಭೆಗೆ ಬರೆದ ಪತ್ರವನ್ನು ಈ ಕಾಲದಲ್ಲಿ ಓದಬೇಕೆನ್ನುವುದು ಇದಕ್ಕೇ. ಸಾರ್ದಿಸ್ ಲಿಡಿಯ ರಾಜ್ಯದ ರಾಜಧಾನಿ. ಇಂದಿನ ಟರ್ಕಿಯಲ್ಲಿ ಸಾರ್ತ್ ಎಂಬ ಊರು. ಕಡಿದಾದ ಬಂಡೆಯ ಮೇಲಿನ ಅದರ ಕೋಟೆಯನ್ನು ಯಾರೂ ಹತ್ತಲಾರರೆಂಬ ನಂಬಿಕೆ ಅಲ್ಲಿಯವರಿಗಿತ್ತು. ಕ್ರಿ.ಪೂ. 546ರ ಸುಮಾರಿಗೆ ಪರ್ಷಿಯದ ಸೈರಸ್ ಮುತ್ತಿಗೆ ಹಾಕಿದಾಗ ನಡೆದದ್ದನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕೋಟೆಯ ಮೇಲಿದ್ದ ಸೈನಿಕನೊಬ್ಬನ ಶಿರಸ್ತ್ರಾಣ ಉರುಳಿ ಕೆಳಗೆ ಬಿತ್ತು. ಅವನು ಬಂಡೆ ಇಳಿದು ಬಂದು, ಅದನ್ನೆತ್ತಿಕೊಂಡು ಮತ್ತೆ ಹತ್ತಿಹೋದ. ಸೈರಸನ ಕಡೆಯ ಹಿರೊಯಾದೆಸ್ ಎಂಬವನು ಆ ದಾರಿ ನೋಡಿಕೊಂಡು ತಾನೂ ಹತ್ತಿದ, ಹಿಂದೆ ಉಳಿದವರೂ ಹತ್ತಿದರು. ಇಲ್ಲಿಂದ ಯಾರು ಬರುತ್ತಾರೆ ಎಂದು ಆ ಕಡೆ ಕಾವಲೇ ಇಟ್ಟಿರಲಿಲ್ಲ.

ಪಾಠ ಕಲಿತರೇ? ಇಲ್ಲ. ಕ್ರಿ.ಪೂ. 3ನೇ ಶತಮಾನದ ಕೊನೆಗೆ ಸಿರಿಯದ ದೊರೆ ಮೂರನೇ ಆಂಟಿಯೋಕಸ್ ಅದೇ ಊರಿಗೆ ಮುತ್ತಿಗೆ ಹಾಕಿದ್ದಾಗ, ಅವನ ಕಡೆಯ ಲಾಗೊರಸ್ ಎಂಬ ಕ್ರೀಟ್ ದ್ವೀಪದವನು ಗೋಡೆಯ ಒಂದು ಭಾಗದ ಮೇಲೆ ರಣಹದ್ದುಗಳು ನಿರಾತಂಕವಾಗಿ ಕೂರುವುದನ್ನು ಕಂಡ. ಸತ್ತ ಪ್ರಾಣಿಗಳನ್ನು ಆ ಗೋಡೆಯಿಂದ ಕೆಳಕ್ಕೆ ಎಸೆಯುತ್ತಿದ್ದರು, ಹದ್ದುಗಳು ಅದಕ್ಕಾಗಿ ಬರುತ್ತಿದ್ದವು. ಮನುಷ್ಯರ ಓಡಾಟವಿದ್ದರೆ ಹದ್ದು ಹಾಗೆ ಕೂರುವುದುಂಟೇ? ಅಲ್ಲಿಗೇ ಏಣಿ ಹಾಕಿ ಒಳಹೊಕ್ಕರು. ಒಂದೇ ಊರು ಎರಡು ಸಲ ಬಿತ್ತು, ಎರಡು ಸಲವೂ ಭದ್ರವೆಂದುಕೊಂಡ ಕಡೆಯಿಂದಲೇ.

ಇಂಥ ಊರಿನ ಸಭೆಗೆ, "ಎಚ್ಚರವಾಗು. ಎಚ್ಚರವಾಗದಿದ್ದರೆ ಕಳ್ಳನ ಹಾಗೆ ಬರುವೆನು" ಎಂಬ ಮಾತು ಹೋದರೆ ಹೇಗೆ ತಟ್ಟಿರಬೇಕು! ಆ ಪತ್ರದಲ್ಲಿ ಇಲ್ಲದ್ದನ್ನೂ ನೋಡಬೇಕು. ಅದೇ ಗ್ರಂಥದಲ್ಲಿ ಪತ್ರ ಪಡೆದ ಬೇರೆ ಸಭೆಗಳಲ್ಲಿ ಸ್ಮುರ್ನದವರಿಗೆ ಹಿಂಸೆಯಿತ್ತು, ಪೆರ್ಗಮದವರಿಗೆ ಸುಳ್ಳು ಬೋಧನೆಯ ಕಾಟವಿತ್ತು. ಸಾರ್ದಿಸಿಗೆ ಹೊರಗಿನ ಶತ್ರುವಿನ ಪ್ರಸ್ತಾಪವೇ ಇಲ್ಲ. ಹೆಸರು ಚೆನ್ನಾಗಿತ್ತು: ಜೀವಿಸುವವನೆಂದು ಹೆಸರು, ಒಳಗೆ ಸತ್ತ ಸ್ಥಿತಿ. ಮದ್ದೂ ಅಲ್ಲೇ ಇದೆ. ಸಾಯುವ ಹಾಗಿರುವ ಉಳಿದದ್ದನ್ನು ಬಲಪಡಿಸು, ಕೇಳಿದ್ದನ್ನು ನೆನಪು ಮಾಡಿಕೋ, ಅದನ್ನು ಕಾಪಾಡು, ಪಶ್ಚಾತ್ತಾಪಪಡು. ಹೊಸದಾಗಿ ಏನನ್ನೋ ಶುರುಮಾಡು ಎಂಬ ಮಾತು ಅಲ್ಲಿಲ್ಲ.

ಕುಡಿತ, ಮೋಸ, ವ್ಯಭಿಚಾರ ಇವು ಪಾಪವೆಂದು ಎಲ್ಲರಿಗೂ ಗೊತ್ತು, ಅಲ್ಲಿ ಅಷ್ಟೋ ಇಷ್ಟೋ ಕಾವಲಿರುತ್ತದೆ. ಕಾವಲಿಲ್ಲದ್ದು ಭಕ್ತಿಯ ಕಡೆ. ಭಾನುವಾರದ ಪೂಜೆ ತಪ್ಪಿಸದವರು, ಗಾಯನವೃಂದದವರು, ಪೀಠದ ಮೇಲೆ ವಾಚನ ಓದುವವರು, ಧರ್ಮಕೇಂದ್ರದ ಪಾಲನಾ ಸಮಿತಿಯವರು ಇದನ್ನು ಮೊದಲು ಕೇಳಿಕೊಳ್ಳಬೇಕು. ಹೆರೋದನು ಕ್ರಿಸ್ತ ಎಲ್ಲಿ ಹುಟ್ಟಬೇಕೆಂದು ವಿಚಾರಿಸಿದಾಗ ಯಾಜಕರೂ ಶಾಸ್ತ್ರಿಗಳೂ ಮೀಕನ ಪ್ರವಾದನೆಯನ್ನು ಸರಿಯಾಗಿ ಒಪ್ಪಿಸಿದರು. ಜೆರುಸಲೇಮಿನಿಂದ ಬೆತ್ಲೆಹೇಮಿಗೆ ಸುಮಾರು 9 ಕಿಲೋಮೀಟರ್. ಅವರಲ್ಲಿ ಯಾರಾದರೂ ಎದ್ದು ಹೋದರೆಂದು ಮತ್ತಾಯ ಬರೆದಿಲ್ಲ.

ಜಡತೆ ಬಂದಿದೆಯೆಂದು ತಿಳಿಯಲು ಕೆಲವು ಗುರುತುಗಳಿವೆ. ಪ್ರತಿ ಪಾಪನಿವೇದನೆಯಲ್ಲೂ ಬಾಯಿಪಾಠದ ಅದೇ ನಾಲ್ಕು ಪಾಪ. ಪ್ರಬೋಧನೆ ಕೇಳುವಾಗ, ಈ ಮಾತು ಇಂಥವರಿಗೆ ಸರಿಯಾಗಿ ತಟ್ಟಿತು ಎಂದು ಪಕ್ಕದವರ ನೆನಪಾಗುವುದು. ಜಪಸರ ಮುಗಿದ ಮೇಲೆ ಯಾವ ರಹಸ್ಯವನ್ನು ಧ್ಯಾನಿಸಿದೆವೆಂಬುದೇ ಮರೆತಿರುವುದು. ಮಾತು ಬಿಟ್ಟ ಸಂಬಂಧಿಯೊಬ್ಬರು ಇದ್ದರೂ ಅದು ಪಾಪವೆಂದು ಅನಿಸದಿರುವುದು. ಲೂಕ 21ರಲ್ಲಿ ಪ್ರಭು ಹೃದಯವನ್ನು ಭಾರಗೊಳಿಸುವ ಮೂರನ್ನು ಹೇಳುತ್ತಾರೆ: ಅತಿಭೋಗ, ಅಮಲು, ಬದುಕಿನ ಚಿಂತೆ. ಮೂರನೆಯದನ್ನು ಕುಡಿತದ ಪಕ್ಕದಲ್ಲೇ ಇಟ್ಟಿದ್ದಾರೆ. ಸಾಲದ ಕಂತು, ಮಕ್ಕಳ ಸೀಟು, ಹಬ್ಬದ ಖರ್ಚು ಎಂದು ತಲೆತುಂಬ ಹೊತ್ತವರೂ ಮಂಪರಿನಲ್ಲಿ ಇರುವವರೇ.

ಇದಕ್ಕೆ ಸಂತ ಇಗ್ನೇಷಿಯಸ್ ಲೊಯೋಲರು ಕಲಿಸಿದ ವಿಶೇಷ ಆತ್ಮಶೋಧನೆ ನಾಲ್ಕು ವಾರಕ್ಕೆ ಚೆನ್ನಾಗಿ ಹೊಂದುತ್ತದೆ. ಒಂದೇ ಒಂದು ದೋಷ ಆರಿಸಿಕೊಳ್ಳಿ. ಒಂದು ಕಾಗದದಲ್ಲಿ ವಾರದ ಏಳು ದಿನಕ್ಕೆ ದಿನಕ್ಕೆರಡರಂತೆ 14 ಗೆರೆ ಎಳೆಯಿರಿ. ಬೆಳಗ್ಗೆ ಎದ್ದ ಕೂಡಲೇ ಇವತ್ತು ಇದರಿಂದ ಕಾಯ್ದುಕೊಳ್ಳುತ್ತೇನೆಂದು ನಿಶ್ಚಯಿಸಿ. ಮಧ್ಯಾಹ್ನದ ಊಟವಾದ ಮೇಲೆ, ಎದ್ದಾಗಿನಿಂದ ಆವರೆಗಿನ ಹೊತ್ತನ್ನು ಗಂಟೆ ಗಂಟೆಯಾಗಿ ನೆನೆದು, ಬಿದ್ದಷ್ಟು ಸಲಕ್ಕೆ ಮೊದಲ ಗೆರೆಯಲ್ಲಿ ಚುಕ್ಕಿ ಇಡಿ. ರಾತ್ರಿ ಊಟವಾದ ಮೇಲೆ ಉಳಿದ ಹೊತ್ತಿಗೆ ಎರಡನೇ ಗೆರೆ. ಬಿದ್ದ ಕ್ಷಣದಲ್ಲೇ ಎದೆಯ ಮೇಲೆ ಕೈಯಿಟ್ಟು ದುಃಖಪಡಬೇಕೆಂದೂ ಅವರು ಹೇಳಿದ್ದಾರೆ, ಅದು ಪಕ್ಕದವರಿಗೆ ತಿಳಿಯಬೇಕಿಲ್ಲ. ಗೆರೆಗೆ ಗೆರೆ, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡುವುದೇ ಇದರ ತಿರುಳು.

ರಾತ್ರಿ ಮಲಗುವ ಮುಂಚೆ ಇಡೀ ದಿನದ ಶೋಧನೆಗೆ ಹತ್ತು ಹದಿನೈದು ನಿಮಿಷ ಸಾಕು. ಮೊದಲು ಕೃತಜ್ಞತೆ, ಆಮೇಲೆ ಬೆಳಕಿಗಾಗಿ ಬೇಡಿಕೆ, ದಿನದ ಪರಿಶೀಲನೆ, ಕ್ಷಮೆ, ನಾಳೆಯ ನಿಶ್ಚಯ. ಕೃತಜ್ಞತೆಯನ್ನು ಬಿಟ್ಟು ನೇರ ಪಾಪಕ್ಕೆ ಹೋದವರು ಬೇಗ ಸೋತುಬಿಡುತ್ತಾರೆ. "ಸ್ವಸ್ಥಚಿತ್ತರಾಗಿರಿ, ಎಚ್ಚರವಾಗಿರಿ, ಸೈತಾನನು ಗರ್ಜಿಸುವ ಸಿಂಹದಂತೆ ತಿರುಗುತ್ತಾನೆ" ಎಂಬ ಪೇತ್ರನ ಮೊದಲ ಪತ್ರದ ಮಾತನ್ನು ಧರ್ಮಸಭೆ ಮಂಗಳವಾರದ ರಾತ್ರಿ ಪ್ರಾರ್ಥನೆಗೆ ಇಟ್ಟಿದೆ. ಗೆತ್ಸೆಮನೆಯಲ್ಲಿ ನಿದ್ದೆಹೋದವನ ಹೆಸರಿನ ಪತ್ರ ಅದು ಎಂಬುದನ್ನು ನೆನೆದು ಓದಿದರೆ ಬೇರೆಯೇ ರುಚಿ.

ಮನೆಯಲ್ಲಿ ಆಗಮನ ಚಕ್ರ ಇಡುವವರಿಗೆ ಕೆಲಸ ಸುಲಭ. 1839ರಲ್ಲಿ ಹ್ಯಾಂಬರ್ಗಿನ ಲೂಥರನ್ ದೇವಶಾಸ್ತ್ರಜ್ಞ ವಿಖರ್ನ್, ಬಡಮಕ್ಕಳು ಕ್ರಿಸ್ಮಸ್ ಯಾವಾಗ ಎಂದು ದಿನಾ ಕೇಳುತ್ತಿದ್ದರೆಂದು ಗಾಡಿಯ ಚಕ್ರದ ಮೇಲೆ ಮೇಣದಬತ್ತಿ ಇಟ್ಟದ್ದರಿಂದ ಬೆಳೆದ ಪದ್ಧತಿಯಿದು. ಈಗಿನ ನಾಲ್ಕು ಬತ್ತಿಗಳಲ್ಲಿ ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದು ಮೂರನೇ ಭಾನುವಾರಕ್ಕೆ. ಬತ್ತಿ ಹಚ್ಚಿದ ಮೇಲೆ ಫೋಟೋ ತೆಗೆದು ಎದ್ದುಹೋದರೆ ಏನೂ ಆಗಲಿಲ್ಲ. ಆ ಭಾನುವಾರದ ಶುಭಸಂದೇಶ ಓದಿ, ಮೌನವಾಗಿ ಕೂತು, ಅದೇ ಬೆಳಕಿನಲ್ಲಿ ಆತ್ಮಶೋಧನೆ ಮಾಡಿ.

ತಪ್ಪುವುದು ಎಲ್ಲಿ? ಉತ್ಸಾಹದಲ್ಲಿ ಐದಾರು ದೋಷ ಒಟ್ಟಿಗೆ ಹಿಡಿಯುವವರು ಎರಡನೇ ವಾರಕ್ಕೆ ಕಾಗದವನ್ನೇ ಮರೆಯುತ್ತಾರೆ. ಕೆಲವರು ಚುಕ್ಕಿ ಕಡಿಮೆಯಾದದ್ದಕ್ಕೆ ಬೀಗುತ್ತಾರೆ. ಪೇತ್ರನ "ನಾನು ಹಿಂಜರಿಯೆ" ಮತ್ತೆ ಬಂತೆಂದು ತಿಳಿಯಿರಿ. ಸಣ್ಣದಕ್ಕೂ ಪಾಪಭಯ ಹತ್ತಿ ನಿದ್ದೆಗೆಡುವ ಸ್ವಭಾವದವರು ಎಣಿಕೆ ಮಾಡಲೇಬಾರದು, ತಮ್ಮ ಪಾಪನಿವೇದನೆ ಕೇಳುವ ಗುರುಗಳು ಹೇಳಿದಂತೆ ನಡೆಯಬೇಕು. ಇನ್ನು ಕೆಲವರಿಗೆ ಎಚ್ಚರವೆಂದರೆ ಲೋಕಾಂತ್ಯದ ದಿನಾಂಕ ಹುಡುಕುವ ವಿಡಿಯೋ. ಆ ದಿನ ತಂದೆಗಲ್ಲದೆ ಮಗನಿಗೂ ತಿಳಿಯದೆಂದು ಪ್ರಭುವೇ ಹೇಳಿದ ಮೇಲೆ ಅದಕ್ಕೆ ಸಮಯ ಕೊಡಬೇಕಾದ್ದಿಲ್ಲ. ಅಂದ ಹಾಗೆ, ಹತ್ತು ಕನ್ಯೆಯರ ಕಥೆಯಲ್ಲಿ ಹತ್ತು ಮಂದಿಯೂ ತೂಕಡಿಸಿ ನಿದ್ದೆ ಮಾಡಿದರು. ಜಾಣೆಯರನ್ನು ಯಾರೂ ಎಬ್ಬಿಸಿ ಬೈಯಲಿಲ್ಲ. ಅವರ ಬುಡ್ಡಿಯಲ್ಲಿ ಎಣ್ಣೆಯಿತ್ತು, ಅಷ್ಟೇ ವ್ಯತ್ಯಾಸ.

ಪಾಪನಿವೇದನೆಯನ್ನು ಡಿಸೆಂಬರ್ 17ಕ್ಕೆ ಮುಂಚೆಯೇ ಮುಗಿಸುವುದು ಒಳ್ಳೆಯದು. ಹಬ್ಬದ ಹಿಂದಿನ ದಿನದ ಸಾಲಿನಲ್ಲಿ ನಿಂತರೆ ಗುರುಗಳಿಗೂ ಅವಸರ, ನಮಗೂ ಅವಸರ. 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ಮರಿಯಮ್ಮನವರ ಸ್ತುತಿಗೀತೆಯೊಡನೆ ಏಳು ಪುರಾತನ ಕರೆಗಳು ಬರುತ್ತವೆ: ಓ ಜ್ಞಾನವೇ ಎಂದು ಆರಂಭವಾಗಿ ಓ ಇಮ್ಮಾನುವೇಲನೇ ಎಂಬಲ್ಲಿಗೆ ಮುಗಿಯುತ್ತವೆ. ಹಗಲು ತೀರಾ ಚಿಕ್ಕದಾಗಿರುವ 21ರಂದು "ಉದಯಿಸುವ ಬೆಳಕೇ, ಬಾ" ಎಂಬ ಕರೆ. ಪ್ರತಿಯೊಂದರಲ್ಲೂ ಬಾ ಎಂಬ ಬೇಡಿಕೆಯಿದೆ. ಆ ಏಳು ದಿನ ರಾತ್ರಿಯ ಶೋಧನೆಯನ್ನು ಆಯಾ ದಿನದ ಕರೆಯಿಂದಲೇ ಮುಗಿಸಬಹುದು.

ಹೆಚ್ಚಿನವರ ಕಾಗದ ಡಿಸೆಂಬರ್ 26ಕ್ಕೆ ನಿಲ್ಲುತ್ತದೆ. ಮನೆ ತುಂಬ ನೆಂಟರು, ರಾತ್ರಿ ತಡ, ಬೆಳಗ್ಗೆ ಇನ್ನೂ ತಡ. ಆ ವಾರ ಮಧ್ಯಾಹ್ನದ ಎಣಿಕೆ ಬಿಡಿ, ರಾತ್ರಿಯದನ್ನು ಉಳಿಸಿಕೊಳ್ಳಿ, ಐದು ನಿಮಿಷವಾದರೂ ಸರಿ. ಹಿಡಿದ ದೋಷದ ಚುಕ್ಕಿಗಳು ನಿಜವಾಗಿ ಇಳಿಯುವವರೆಗೆ ಎರಡನೆಯದಕ್ಕೆ ಕೈಹಾಕಬೇಡಿ.