ಬ್ರಸೆಲ್ಸ್‌ನಲ್ಲಿ ಹುಳಿ ಚೆರ್ರಿಯ ಬಿಯರ್

ಬ್ರಸೆಲ್ಸ್‌ಗೆ ಹೋದವರು ಗ್ರ್ಯಾಂಡ್ ಪ್ಲಾಸ್ ನೋಡುತ್ತಾರೆ, ಚಾಕೊಲೇಟ್ ಕೊಳ್ಳುತ್ತಾರೆ. ನನಗೆ ಮಾತ್ರ ಮೊದಲಿಂದಲೂ ಆಸೆ ಇದ್ದದ್ದು ಅದೇ ನಗರದ ಆಂಡರ್ಲೆಕ್ಟ್ ಭಾಗದಲ್ಲಿರುವ ಕಾಂತಿಯೋಂ ಬ್ರೂವರಿಯ ಮೇಲೆ. 1900ರಲ್ಲಿ ಶುರುವಾದದ್ದು, ಈಗಲೂ ಅದೇ ಕುಟುಂಬದವರು ನಡೆಸುತ್ತಿದ್ದಾರೆ. 1978ರಿಂದ ಅದು ಮ್ಯೂಸಿಯಂ ಕೂಡ ಹೌದು. ಲ್ಯೂವೆನ್‌ನಲ್ಲಿ ಓದುತ್ತಿರುವ ಅಕ್ಕನ ಮಗ ಜೊತೆಗೆ ಬಂದ. ಅವನ ಓದು ಆಹಾರದ ಸೂಕ್ಷ್ಮಜೀವಿಗಳ ಬಗ್ಗೆ. ಹಾಗಾಗಿ ನನಗೆ ಬೇರೆ ಗೈಡ್ ಬೇಕಾಗಲಿಲ್ಲ.

ಮಿದಿ ಸ್ಟೇಷನ್‌ನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಸಾಕು. ನವೆಂಬರ್ ಕೊನೆ, ಕಿವಿ ಮರಗಟ್ಟುವ ಚಳಿ. ಹೊರಗಿನಿಂದ ನೋಡಿದರೆ ಹಳೇ ಗೋದಾಮಿನ ಹಾಗಿದೆ, ಬೋರ್ಡ್ ಕಾಣದೆ ಮುಂದೆ ಹೋಗಿಬಿಡಬಹುದು. ಬಾಗಿಲು ತೆಗೆದ ಕೂಡಲೇ ಒದ್ದೆ ಮರ, ಹುಳಿ, ಹಳೇ ವೈನ್ ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ಟಿಕೆಟ್ ಜೊತೆ ಒಂದು ಚಿಕ್ಕ ಪುಸ್ತಕ ಕೊಟ್ಟರು. ಅದನ್ನು ಹಿಡಿದು ನಾವೇ ಸುತ್ತಬೇಕು.

ನೋಡಲೇಬೇಕಾದ್ದು ಅಟ್ಟದ ಮೇಲಿದೆ. ಹೆಂಚಿನ ಸೂರಿನ ಕೆಳಗೆ ಕೋಣೆಯ ಅಗಲಕ್ಕೂ ಹರಡಿಕೊಂಡ ಕೆಂಪು ತಾಮ್ರದ ತೊಟ್ಟಿ. ಆಳ ತುಂಬಾ ಕಡಿಮೆ. 7500 ಲೀಟರ್ ಹಿಡಿಸುತ್ತದೆ. ಬಾರ್ಲಿ ಮಾಲ್ಟ್ ಮತ್ತು ಗೋಧಿಯ ರಸವನ್ನು ಹಳೇ ಹಾಪ್ಸ್ (ಬಿಯರಿಗೆ ಹಾಕುವ ಕಹಿ ಹೂ) ಹಾಕಿ ಗಂಟೆಗಟ್ಟಲೆ ಕುದಿಸಿ, ಸಂಜೆ ಇದಕ್ಕೆ ಸುರಿಯುತ್ತಾರೆ. ಕಿಟಕಿಗಳನ್ನು ತೆರೆದಿಡುತ್ತಾರೆ. ಅಷ್ಟೇ. ಯೀಸ್ಟ್ ಹಾಕುವುದೇ ಇಲ್ಲ. ರಾತ್ರಿಯ ಗಾಳಿಯಲ್ಲಿ, ಆ ಕಟ್ಟಡದಲ್ಲಿ ಏನಿದೆಯೋ ಅದೇ ಬಂದು ಸೇರಿಕೊಳ್ಳುತ್ತದೆ. ನಮ್ಮ ದೋಸೆ ಹಿಟ್ಟು ಯಾರೂ ಹೆಪ್ಪು ಹಾಕದೆ ತಾನೇ ಹುದುಗು ಬರುವುದಿಲ್ವಾ, ಹಾಗೆ. ನಾವು ಹೋದಾಗ ತೊಟ್ಟಿ ಖಾಲಿ ಇತ್ತು, ತಳ ಇನ್ನೂ ಒದ್ದೆ. ರಸ ಬೆಳಿಗ್ಗೆಯೇ ಪೀಪಾಯಿಗೆ ಇಳಿದಾಗಿತ್ತು.

ಇದಕ್ಕೆ ಚಳಿಗಾಲವೇ ಬೇಕು. ಬೆಚ್ಚಗಿದ್ದರೆ ರಸ ಒಂದೇ ರಾತ್ರಿಯಲ್ಲಿ ಆರುವುದಿಲ್ಲ, ಬೇಡದ ಬ್ಯಾಕ್ಟೀರಿಯಾ ಜಾಸ್ತಿಯಾಗುತ್ತದೆ. 2015ರ ನವೆಂಬರ್‌ನಲ್ಲಿ ಸೆಕೆ ಇಳಿಯದೆ ಇವರು ಕೆಲಸ ನಿಲ್ಲಿಸಬೇಕಾಯಿತು. ಈಗಿನ ಯಜಮಾನ ಜಾನ್ ವಾನ್ ರಾಯ್ ಅವರ ಅಜ್ಜ ಅಕ್ಟೋಬರ್ ಮಧ್ಯದಿಂದ ಮೇವರೆಗೆ ಬಿಯರ್ ಮಾಡುತ್ತಿದ್ದರಂತೆ. ಆ ಅವಕಾಶ ಮೊಮ್ಮಗನಿಗೆ ಸಿಕ್ಕಿಲ್ಲ. ಹವಾಮಾನ ಬದಲಾವಣೆ ಬಗ್ಗೆ ಎಷ್ಟೋ ಓದಿದ್ದೇನೆ, ಆದರೆ ಆ ಒದ್ದೆ ತಾಮ್ರದ ಪಕ್ಕ ನಿಂತಾಗ ಆದಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ.

ಕೆಳಗೆ ಪೀಪಾಯಿಗಳ ಸಾಲು. ಎರಡು ಪೀಪಾಯಿಗಳ ನಡುವೆ ದಪ್ಪ ಜೇಡರ ಬಲೆ. ಅದನ್ನು ಬೇಕೆಂದೇ ತೆಗೆಯುವುದಿಲ್ಲ. ಹಣ್ಣಿನ ವಾಸನೆಗೆ ನೊಣ ಮುತ್ತುತ್ತವೆ, ಜೇಡ ಅವನ್ನು ತಿನ್ನುತ್ತದೆ, ಔಷಧಿ ಹೊಡೆಯುವ ಗೋಜಿಲ್ಲ. ಒಂದು ಪೀಪಾಯಿಯ ಬಾಯಿಂದ ಕಂದು ನೊರೆ ಉಕ್ಕಿ ಹಲಗೆಯ ಮೇಲೆ ಇಳಿಯುತ್ತಿತ್ತು. ಹುದುಗು ಜೋರಾಗಿರುವಾಗ ಬಿರಡೆ ಹಾಕುವ ಹಾಗಿಲ್ಲ.

"ಈಗ ಇದು ಬರೀ ಶುರು ಮಾವ," ಅಂದ ಹುಡುಗ. "ಮೊದಲು ಸಕ್ಕರೆ ತಿನ್ನೋ ಮಾಮೂಲಿ ಯೀಸ್ಟು. ಆಮೇಲೆ ತಿಂಗಳುಗಟ್ಟಲೆ ಹುಳಿ ಬರಿಸೋ ಬ್ಯಾಕ್ಟೀರಿಯಾ. ಕೊನೆಗೆ ಬ್ರೆಟ್ಟನೊಮೈಸಿಸ್ ಅಂತ ಇನ್ನೊಂದು ಕಾಡು ಯೀಸ್ಟು. ಅದು ಯಾರೂ ತಿನ್ನದೆ ಬಿಟ್ಟಿದ್ದನ್ನೂ ತಿಂದು ಮುಗಿಸತ್ತೆ." ಈ ಬ್ರೆಟ್ಟನೊಮೈಸಿಸ್‌ನ ಒಂದು ಜಾತಿಗೆ ಬ್ರಸೆಲ್ಸ್‌ನದ್ದೇ ಹೆಸರಿದೆ.

ಹೀಗೆ ತಾನೇ ಹುದುಗು ಬಂದ ಬಿಯರಿಗೆ ಲ್ಯಾಂಬಿಕ್ ಅನ್ನುತ್ತಾರೆ. ಒಂದು ವರ್ಷ ದಾಟಿ ಮಾಗಿದ ಲ್ಯಾಂಬಿಕ್‌ಗೆ ಬೇಸಿಗೆಯಲ್ಲಿ ಇಡೀ ಹುಳಿ ಚೆರ್ರಿ ಹಾಕುತ್ತಾರೆ, ಬೀಜ ಸಮೇತ. ಲೀಟರಿಗೆ ಸುಮಾರು 200 ಗ್ರಾಂ. ಅದೇ ಕ್ರೀಕ್. ಹಣ್ಣಿನ ಸಕ್ಕರೆಯಿಂದ ಮತ್ತೆ ಹುದುಗು ಏಳುತ್ತದೆ, ಸಕ್ಕರೆ ಪೂರಾ ಮುಗಿಯುತ್ತದೆ.

ರುಚಿ ನೋಡಲು ಮೊದಲು ಹಣ್ಣಿಲ್ಲದ ಬಿಯರ್, ಆಮೇಲೆ ಕ್ರೀಕ್. ಮಾಣಿಕ್ಯದ ಬಣ್ಣ, ಮೇಲೆ ಗುಲಾಬಿ ನೊರೆ. ನೊರೆ ಬೇಗ ಕೂತುಬಿಡುತ್ತದೆ. ಮೂಗಿನ ಹತ್ತಿರ ತಂದರೆ ಚೆರ್ರಿ, ಅದರ ಹಿಂದೆಯೇ ಒದ್ದೆ ಹುಲ್ಲು, ಹಳೇ ನೆಲಮಾಳಿಗೆ. ಮೊದಲ ಗುಟುಕಿಗೆ ಕೆನ್ನೆಯ ಒಳಭಾಗ ಜುಮ್ಮೆಂದಿತು.

"ಈಗಲೇ ಏನೂ ಹೇಳಬೇಡಿ, ಮೂರನೇ ಗುಟುಕು ಕುಡೀರಿ," ಅಂದ.

ಅವನು ಹೇಳಿದ್ದು ಸರಿ. ನಾಲಿಗೆ ಹುಳಿಗೆ ಒಗ್ಗಿದ ಮೇಲೆ ಹಣ್ಣು ಬಿಡಿಬಿಡಿಯಾಗಿ ಬಂತು. ಸಿಪ್ಪೆಯ ಒಗರು ಹಲ್ಲಿನ ಮೇಲೆ ಉಳಿಯಿತು. ನುಂಗಿದ ಮೇಲೆ ಗಂಟಲಲ್ಲಿ ಸಣ್ಣಗೆ ಬಾದಾಮಿ. ಅದು ಬೀಜದ ರುಚಿ. ಸಿಹಿ ಎಲ್ಲೂ ಇಲ್ಲ. ಸಿಹಿ ಹೋದ ಮೇಲೆಯೇ ಹಣ್ಣಿನೊಳಗೆ ಇಷ್ಟೆಲ್ಲ ಇದೆ ಅಂತ ಗೊತ್ತಾಗುವುದು. ಸಿಹಿ ಇದ್ದಾಗ ಅದು ಉಳಿದ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹಿಂದಿನ ದಿನ ಪೇಟೆಯ ಒಂದು ಬಾರಿನಲ್ಲಿ ಕ್ರೀಕ್ ಅಂತ ಕುಡಿದದ್ದು ಕೆಮ್ಮಿನ ಸಿರಪ್‌ನಷ್ಟು ಸಿಹಿಯಾಗಿತ್ತು. ಬೆಂಗಳೂರಿನ ಬ್ರೂಪಬ್‌ಗಳಲ್ಲೂ ಈಗ ಹಣ್ಣಿನ ಸೋರ್, ಅಂದರೆ ಹುಳಿ, ಬಿಯರ್ ಸಿಗುತ್ತದೆ. ಹೊಸ ಬಗೆಯ ಸೋರ್‌ಗಳಲ್ಲಿ ಹೆಚ್ಚಿನವಕ್ಕೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಹಾಕಿ ಒಂದೆರಡು ದಿನದಲ್ಲೇ ಹುಳಿ ಬರಿಸುತ್ತಾರೆ. ಸೆಕೆಗೆ ಅವೂ ಚೆನ್ನಾಗಿಯೇ ಇರುತ್ತವೆ. ಆದರೆ ಅಲ್ಲಿ ಹುಳಿ ಒಂದೇ ಗೆರೆ. ಇಲ್ಲಿ ಹುಳಿಯ ಜೊತೆ ಕಾಲವೂ ಬಾಯಿಗೆ ಸಿಗುತ್ತದೆ. ನನಗೆ ಇದೇ ಬೇಕು.

ಮಧ್ಯಾಹ್ನ ಸ್ಕಾರ್ಬೆಕ್‌ಗೆ ಹೋದೆವು. ಕ್ರೀಕ್‌ಗೆ ಹೆಸರುವಾಸಿಯಾದ ಚೆರ್ರಿ ತಳಿಗೆ ಈ ಊರಿನ ಹೆಸರೇ ಇದೆ. ಹಿಂದೆ ಇಲ್ಲಿಯ ರೈತರು ಹಣ್ಣನ್ನು ಕತ್ತೆಗಳ ಮೇಲೆ ಹೇರಿ ಬ್ರಸೆಲ್ಸ್ ಮಾರುಕಟ್ಟೆಗೆ ತರುತ್ತಿದ್ದರು. ಹಾಗಾಗಿ ಊರಿಗೆ ಕತ್ತೆಗಳ ಊರು ಅಂತಲೇ ಹೆಸರು ಬಿತ್ತು. ತೋಟಗಳಿದ್ದ ಕಡೆ ಈಗ ಸಾಲು ಮನೆಗಳು. ಆ ತಳಿಯ ಮರಗಳು ಪಶ್ಚಿಮದ ಪಾಯೊಟೆನ್‌ಲ್ಯಾಂಡ್ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿವೆ. ಹಣ್ಣು ಚಿಕ್ಕದು, ಬೀಜ ದೊಡ್ಡದು, ಕೈಯಲ್ಲೇ ಕೀಳಬೇಕು. ಲೆಕ್ಕ ಹಾಕಿದರೆ ಯಾರಿಗೂ ಗಿಟ್ಟುವುದಿಲ್ಲ. ಆದರೂ ಕೆಲವು ಲ್ಯಾಂಬಿಕ್ ತಯಾರಕರು ಅದೇ ಹಣ್ಣು ಹುಡುಕಿ ತಂದು ಬೇರೆಯಾಗಿಯೇ ಬಾಟಲಿ ತುಂಬುತ್ತಾರೆ. ಜೋಸಫಾಟ್ ಪಾರ್ಕಿನ ಬೇಲಿಯೊಳಗೆ ಕತ್ತೆಗಳನ್ನು ಮಾತ್ರ ಊರಿನವರು ಇನ್ನೂ ಸಾಕಿಕೊಂಡಿದ್ದಾರೆ. ಆ ತಳಿಯ ಬಾಟಲಿ ಒಂದಾದರೂ ಸಿಗುತ್ತಾ ನೋಡೋಣ ಅಂತ ಅಲ್ಲಿಂದ ಟ್ರಾಮ್ ಹತ್ತಿದೆವು.