ಊದಿದರೆ ಸರಿ, ಎಳೆದರೆ ಬಂದ್

ಮೊನ್ನೆ ಭಾನುವಾರ ಗಂಗೊಳ್ಳಿ ಹೊಳೆಯಲ್ಲಿ ನನ್ನ ಔಟ್‌ಬೋರ್ಡ್ ಮೋಟಾರನ್ನು (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಫುಲ್ ಥ್ರಾಟಲ್ ಹಿಡಿದು 40 ನಿಮಿಷ ಓಡಿಸಿದೆ. ಮೋಟಾರು ಒಂದು ಸಲವೂ ಕೆಮ್ಮಲಿಲ್ಲ. ಮೂರು ತಿಂಗಳು ನಿದ್ದೆ ಕೆಡಿಸಿದ ರೋಗ ಯಾವುದು ಅಂತ ಕೊನೆಗೂ ಗೊತ್ತಾಯಿತು. ಗೊತ್ತಾದ ಮೇಲೆ ಖುಷಿಗಿಂತ ನಾಚಿಕೆಯೇ ಜಾಸ್ತಿ ಆಯಿತು.

ಇದು ಮಾವನ ಕೊಟ್ಟಿಗೆಯಲ್ಲಿ ಹೆಂಚಿನ ರಾಶಿಯ ಹಿಂದೆ ಮಲಗಿದ್ದ ಯಮಹಾ ಎಂಡ್ಯೂರೊ. 8 ಎಚ್‌ಪಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್, ಪೆಟ್ರೋಲ್ ಮಾಡೆಲ್. ಇಂಪೆಲ್ಲರ್, ಗೇರ್ ಆಯಿಲ್, ಪ್ಲಗ್, ಕಾರ್ಬ್ (ಕಾರ್ಬ್ಯುರೇಟರ್) ಕ್ಲೀನಿಂಗ್ ಎಲ್ಲ ಮುಗಿದಿತ್ತು. ಅದನ್ನೆಲ್ಲ ಇಲ್ಲಿ ಕೊರೆಯುವುದಿಲ್ಲ, ನೀವೂ ಹತ್ತು ಸಲ ಮಾಡಿದವರೇ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಮೇಲಿನ ಸಿಲಿಂಡರಿನದು 112 ಪಿಎಸ್‌ಐ, ಕೆಳಗಿನದು 108. ಇಷ್ಟು ವಯಸ್ಸಾದ ಮೇಲೆ ನನಗೂ ಅಷ್ಟು ದಮ್ಮಿಲ್ಲ.

ಮನೆಯಂಗಳದಲ್ಲಿ ನೀರು ತುಂಬಿದ ಡ್ರಮ್ಮಿನಲ್ಲಿ ಇಟ್ಟರೆ ಅರ್ಧ ಗಂಟೆ ಗುರುಗುಟ್ಟುತ್ತಾ ನಿಲ್ಲುತ್ತಿತ್ತು. ಹೊಳೆಗೆ ಇಳಿಸಿದರೆ ನಾಟಕ ಶುರು. ಫುಲ್ ಥ್ರಾಟಲ್ ಕೊಟ್ಟರೆ ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ ನಿಮಿಷ ಚೆನ್ನಾಗಿ ಎಳೆಯುತ್ತಿತ್ತು. ಆಮೇಲೆ ಯಾರೋ ಕುತ್ತಿಗೆ ಹಿಸುಕಿದ ಹಾಗೆ ದನಿ ಇಳಿಯುತ್ತಿತ್ತು. ಥ್ರಾಟಲ್ ಇಳಿಸಿದರೆ ಸುಧಾರಿಸಿಕೊಳ್ಳುತ್ತಿತ್ತು, ಮತ್ತೆ ಕೊಟ್ಟರೆ ಮತ್ತೆ ಅದೇ ಕಥೆ. ಪ್ಲಗ್ ಬಿಚ್ಚಿ ನೋಡಿದರೆ ಎರಡೂ ಸುಣ್ಣ ಬಳಿದ ಹಾಗೆ ಬಿಳಿ.

ಎರಡೂ ಒಂದೇ ಥರ ಬಿಳಿ ಇದ್ದರೆ ಕಿಡಿ ಕೊಡುವ ಕಾಯಿಲ್ ಮೇಲೆ ಅನುಮಾನ ಪಡುವುದು ದಂಡ. ಪೆಟ್ರೋಲ್ ಸಾಲುತ್ತಿಲ್ಲ, ಅಷ್ಟೇ. ಟೂ ಸ್ಟ್ರೋಕಿನಲ್ಲಿ ಇದನ್ನು 'ಆಮೇಲೆ ನೋಡೋಣ' ಅಂತ ಬಿಡುವ ಹಾಗೂ ಇಲ್ಲ. ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿಯಾದರೆ ಪಿಸ್ಟನ್ನಿಗೆ ಎಣ್ಣೆಯೂ ಕಮ್ಮಿ. ಹೀಗೇ ಓಡಿಸಿದರೆ ಒಂದು ದಿನ ಪಿಸ್ಟನ್ ಕಚ್ಚಿಕೊಂಡು ಕೂರುತ್ತದೆ.

ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದೇ ಇತ್ತು. ಪೈಪ್ ಕನೆಕ್ಟರಿನ ಓ-ರಿಂಗ್ (ರಬ್ಬರ್ ಉಂಗುರ) ಬದಲಾಯಿಸಿದೆ. ಟ್ಯಾಂಕಿನೊಳಗಿನ ಜಾಲರಿ ತೊಳೆದೆ. ಏನೂ ಬದಲಾಗಲಿಲ್ಲ. ಆದರೆ ಒಂದು ಸುಳಿವು ಸಿಕ್ಕಿತು. ಮೋಟಾರು ಸಾಯುತ್ತಿರುವಾಗ ಪೆಟ್ರೋಲ್ ಪೈಪಿನ ನಡುವಿನ ಬಲ್ಬ್ (ಕೈಯಲ್ಲಿ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ) ಒತ್ತಿದರೆ ಪಟ್ಟನೆ ಎದ್ದು ನಿಲ್ಲುತ್ತಿತ್ತು! ಒಂದು ಕೈಯಲ್ಲಿ ಟಿಲ್ಲರ್ (ಮೋಟಾರು ತಿರುಗಿಸುವ ಹಿಡಿ), ಇನ್ನೊಂದು ಕೈಯಲ್ಲಿ ಬಲ್ಬ್. ಹಸು ಕರೆಯುವವನ ಹಾಗೆ ಒತ್ತುತ್ತಾ ದಡಕ್ಕೆ ಬಂದೆ. ಸೇತುವೆ ಮೇಲಿನ ಜನ ಏನಂದುಕೊಂಡರೋ.

ಬಲ್ಬ್ ಒತ್ತಿದರೆ ಸರಿಹೋಗುತ್ತದೆ ಎಂದರೆ ಪೆಟ್ರೋಲ್ ಎಳೆಯುವ ಪಂಪು ಸೋತಿದೆ ಅಂತ ಯಾರಾದರೂ ಹೇಳುತ್ತಾರೆ ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಪಂಪಿನ ಡಯಾಫ್ರಂ (ಒಳಗೆ ಅಲುಗಾಡುವ ತೆಳು ಹಾಳೆ) ಕಿಟ್‌ಗೆ ಆರ್ಡರ್ ಹಾಕಿದೆ. 18 ದಿನಕ್ಕೆ ಬಂತು, ಅದೂ ಸೀಮೆಎಣ್ಣೆ ಮಾಡೆಲ್ಲಿನ ಕಾರ್ಬ್ ಕಿಟ್. ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆ ಮೋಟಾರೇ ಜಾಸ್ತಿ, ಹಾಗಾಗಿ ಅಂಗಡಿಯವನ ಕೈ ತಾನಾಗಿಯೇ ಆ ಡಬ್ಬಿಗೆ ಹೋಗುತ್ತದೆ. ಫೋನ್ ಮಾಡಿ ಜೆಟ್ (ಪೆಟ್ರೋಲ್ ಹಾಯುವ ತೂತಿನ ಪುಟ್ಟ ಭಾಗ) ನಂಬರ್ ಬೇರೆ ಅಂದೆ. "ಹಾಕಿ ನೋಡಿ ಸರ್, ಕೂರುತ್ತದೆ" ಅಂದ. ಕೂರುವುದೇನೋ ಕೂರುತ್ತದೆ ಮಾರಾಯ, ತೂತು ದೊಡ್ಡದು! ವಾಪಸ್ ಕಳಿಸಿ ಇನ್ನೂ 11 ದಿನ ಕಾದೆ. ಮೆಕ್ಯಾನಿಕ್ ಹತ್ತಿರ ಹೋಗೋಣ ಅಂದರೆ ಅದು ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್. ಬೋಟುಗಳೆಲ್ಲ ರಿಪೇರಿಗೆ ದಡ ಹತ್ತಿರುತ್ತವೆ, ಮೆಕ್ಯಾನಿಕ್‌ಗಳಿಗೆ ಊಟಕ್ಕೂ ಪುರುಸೊತ್ತಿಲ್ಲ. ಶೋಕಿಗೆ ದೋಣಿ ಇಟ್ಟುಕೊಂಡವನನ್ನು ಯಾರು ಕೇಳುತ್ತಾರೆ?

ಹೊಸ ಡಯಾಫ್ರಂ ಹಾಕಿದೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ಹೊಳೆಗೆ ಇಳಿಸಿದೆ. ಒಂದು ನಿಮಿಷ 20 ಸೆಕೆಂಡ್. ಸತ್ತಿತು.

ಆವತ್ತು ಅದನ್ನು ಅಲ್ಲೇ ಹೊಳೆಗೆ ಬಿಡುವ ಮನಸ್ಸಾಗಿತ್ತು.

ಪೆಟ್ರೋಲ್ ಪೈಪಿನ ಬಗ್ಗೆ ನನಗೆ ಅನುಮಾನ ಬರದಿರಲು ಎರಡು ಕಾರಣ. ಒಂದು, ಅದು ಹೊಸದು. ಹೋದ ವರ್ಷ ತಾನೇ ಬಲ್ಬ್ ಸಮೇತ 'ಒರಿಜಿನಲ್' ಅಂತ ಕೊಂಡಿದ್ದೆ. ಎರಡು, ಬಿಚ್ಚಿ ಬಾಯಲ್ಲಿ ಊದಿ ನೋಡಿದ್ದೆ. ಗಾಳಿ ಸಲೀಸಾಗಿ ಹೋಗುತ್ತಿತ್ತು. ಬಲ್ಬ್ ಕೂಡ ಓಡುವಾಗ ಚಪ್ಪಟೆಯಾಗುತ್ತಿರಲಿಲ್ಲ, ಅಂದರೆ ಟ್ಯಾಂಕ್ ಕಡೆಯಿಂದ ತಡೆ ಇಲ್ಲ. ಹಾಗಾದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿರಬೇಕು ಅಂದುಕೊಂಡೆ. ಗುಳ್ಳೆ ಕಾಣಬೇಕಾದರೆ ಪಾರದರ್ಶಕ ಪೈಪ್ ಬೇಕು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದಾರೆ. ಮೇಸ್ತ್ರಿಯ ಲೆವೆಲ್ ಪೈಪಿನ ತುದಿಯಿಂದ ಎರಡು ಮೀಟರ್ ಕೇಳಿ ಕತ್ತರಿಸಿಕೊಂಡೆ. "ದೋಣಿಗೂ ಲೆವೆಲ್ ನೋಡುತ್ತಾರಾ?" ಅಂತ ಕೇಳಿದ. ಬಲ್ಬಿನಿಂದ ಮೋಟಾರಿನವರೆಗಿನ ಕಪ್ಪು ಪೈಪ್ ತೆಗೆದು, ಆ ಜಾಗಕ್ಕೆ ಇದನ್ನು ಕ್ಲಿಪ್ ಹಾಕಿ ಕೂರಿಸಿದೆ. ಇದು ಪರೀಕ್ಷೆಗೆ ಮಾತ್ರ, ಪೆಟ್ರೋಲ್ ತಾಗಿದರೆ ಎರಡೇ ದಿನಕ್ಕೆ ಕಟ್ಟಿಗೆಯಾಗುತ್ತದೆ.

ಹೊಳೆಗೆ ಹೋದೆ. ಕಣ್ಣು ಪೈಪಿನ ಮೇಲೆ. ಒಂದೂ ಗುಳ್ಳೆ ಇಲ್ಲ. ಒಂದು ನಿಮಿಷ ಆಯಿತು. ಎರಡಾಯಿತು. ಐದಾಯಿತು. ಗುಳ್ಳೆ ಹುಡುಕುವ ಭರದಲ್ಲಿ ಮೋಟಾರು ನಿಲ್ಲಲೇ ಇಲ್ಲ ಅನ್ನುವುದು ತಲೆಗೆ ಹೋಗುವಾಗ ಸೇತುವೆಯನ್ನೂ ದಾಟಿ ಆಗಿತ್ತು.

ದಡಕ್ಕೆ ಬಂದು ಹಳೆಯ ಪೈಪ್ ಮತ್ತೆ ಹಾಕಿದೆ. ಒಂದೂಕಾಲು ನಿಮಿಷಕ್ಕೆ ಸತ್ತಿತು. ಅಷ್ಟು ಸಂತೋಷದಿಂದ ಒಂದು ಮೋಟಾರು ಸಾಯುವುದನ್ನು ನಾನು ಹಿಂದೆ ನೋಡಿರಲಿಲ್ಲ.

ಮನೆಗೆ ಬಂದು ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿದೆ. ಹೊರಗಿನ ರಬ್ಬರ್ ಗಟ್ಟಿಮುಟ್ಟು. ಒಳಗಿನ ತೆಳು ಪದರ ಮಾತ್ರ ಒಂದು ಗೇಣಿನಷ್ಟು ಉದ್ದ ಗೋಡೆ ಬಿಟ್ಟು ಸುಕ್ಕುಗಟ್ಟಿತ್ತು, ಥೇಟ್ ಹಾವಿನ ಪೊರೆ. ಬೆರಳಿನಲ್ಲಿ ಹಿಡಿದು ಎಳೆದರೆ ಹಾಗೇ ಕಳಚಿ ಬಂತು. ಬಲ್ಬ್ ಒತ್ತಿದರೆ ಒತ್ತಡಕ್ಕೆ ಈ ಪೊರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತದೆ. ಪಂಪು ಎಳೆದರೆ ಒಳಕ್ಕೆ ಕುಸಿದು ಬಾಗಿಲು ಹಾಕುತ್ತದೆ. ಹೊರಡುವ ಮೊದಲು ಬಲ್ಬ್ ಗಟ್ಟಿಯಾಗುವಷ್ಟು ಒತ್ತುತ್ತೇವಲ್ಲ, ಆ ಒತ್ತಡ ಮುಗಿಯುವವರೆಗೆ ಮಾತ್ರ ನನ್ನ ಒಂದೂವರೆ ನಿಮಿಷದ ವೈಭವ. ಡ್ರಮ್ಮಿನಲ್ಲಿ ಐಡಲ್‌ನಲ್ಲಿ ಕುಡಿಯುವುದೇ ಕಮ್ಮಿ, ಹಾಗಾಗಿ ಅಲ್ಲಿ ಸಂಭಾವಿತ. ನಾನಂತೂ ಊದಿ ನೋಡಿದೆನೇ ಹೊರತು ಒಂದು ಸಲವೂ ಎಳೆದು ನೋಡಲಿಲ್ಲ. ಪೆಟ್ರೋಲ್ ಪೈಪ್ ಬಾಯಲ್ಲಿ ಎಳೆಯುವುದು ಯಾರಿಗೆ ಬೇಕು ಹೇಳಿ.

ಪೈಪ್ ಮಾರಿದವನಿಗೆ ಫೋಟೊ ಕಳಿಸಿದೆ. ಈಗಿನ ಪೆಟ್ರೋಲಿಗೆ 20 ಶೇಕಡಾ ಎಥೆನಾಲ್ ಹಾಕುತ್ತಾರೆ, ಅದಕ್ಕೇ ಹೀಗೆ ಅಂದ. ಎಥೆನಾಲ್ ಅಗ್ಗದ ರಬ್ಬರನ್ನು ತಿನ್ನುವುದು ನಿಜ. ಹಾಗಾದರೆ ಎಥೆನಾಲ್ ತಡೆಯದ ಪೈಪನ್ನು ಎಂತಕ್ಕೆ ಮಾರಿದೆ ಅಂತ ಕೇಳಿದೆ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಈಗ ಎಥೆನಾಲ್ ತಾಳುವ ಪೈಪನ್ನು ಬೇರೆ ಕಡೆಯಿಂದ ಮೀಟರ್ ಲೆಕ್ಕದಲ್ಲಿ ತರಿಸಿದ್ದೇನೆ. ಟ್ಯಾಂಕಿನಿಂದ ಬಲ್ಬಿನವರೆಗಿನ ತುಂಡನ್ನೂ ಬದಲಾಯಿಸಿದೆ. ಅದನ್ನು ಸೀಳಿದರೆ ಅಲ್ಲೂ ಪೊರೆ ಏಳಲು ಶುರುವಾಗಿತ್ತು.

ಮೊದಲು ಹೇಳಿದ 40 ನಿಮಿಷ ಈ ಹೊಸ ಪೈಪಿನದು. 41ನೇ ನಿಮಿಷಕ್ಕೆ ಏನಾಯಿತು ಅಂತಲೂ ಹೇಳಿಬಿಡುತ್ತೇನೆ. ಮೋಟಾರಿನ ಖುಷಿಯಲ್ಲಿ ಇಳಿತದ ಹೊತ್ತು ನೋಡಲು ಮರೆತೆ. ಪ್ರೊಪೆಲ್ಲರ್ ಮರಳಿಗೆ ಹೂತು, ದೋಣಿ ದಿಬ್ಬದ ಮೇಲೆ ಕೂತಿತು. ಇಳಿದು ತಳ್ಳಿದರೆ ಮೊಣಕಾಲಿನವರೆಗೆ ಕೆಸರು. ನೀರು ಏರುವವರೆಗೆ ಮೂರು ಗಂಟೆ ಬಿಸಿಲಲ್ಲಿ ಕೂತೆ.

ಆ ಮೂರು ಗಂಟೆಯಲ್ಲಿ ಮುಂದಿನ ಪ್ರಾಜೆಕ್ಟ್ ಪಕ್ಕಾ ಆಯಿತು. ಅಣ್ಣನ ಅಡಿಕೆ ತೋಟದಲ್ಲಿ 52 ಸಿಸಿ ಕಳೆ ಕಟ್ಟರ್ ಒಂದು ಮೂಲೆ ಸೇರಿದೆ. ಅದಕ್ಕೆ ಎರಡು ಮೀಟರ್ ಶಾಫ್ಟ್, ತುದಿಗೆ ಪುಟ್ಟ ಪ್ರೊಪೆಲ್ಲರ್. ಥಾಯ್ಲೆಂಡಿನ ಉದ್ದ ಬಾಲದ ದೋಣಿಗಳ ಹಾಗೆ ನೀರು ಕಮ್ಮಿ ಇದ್ದಲ್ಲಿ ಬಾಲ ಎತ್ತಿಕೊಂಡು ಹೋಗಬಹುದು. ಅದರಲ್ಲಿ ಸೆಂಟ್ರಿಫ್ಯೂಗಲ್ ಕ್ಲಚ್ (ವೇಗ ಏರಿದಾಗ ಮಾತ್ರ ಹಿಡಿಯುವ ಕ್ಲಚ್) ಮೊದಲೇ ಇದೆ, ಐಡಲ್‌ನಲ್ಲಿ ಪ್ರೊಪೆಲ್ಲರ್ ತಿರುಗುವುದಿಲ್ಲ. ತಲೆನೋವು ಶಾಫ್ಟಿನ ಬುಷ್‌ಗಳದ್ದು (ಶಾಫ್ಟ್ ತಿರುಗುವಾಗ ಅದನ್ನು ಹಿಡಿದಿಡುವ ಬಳೆಗಳು). ಹಿತ್ತಾಳೆ ಹಾಕಲೋ ನೈಲಾನ್ ಹಾಕಲೋ ಅಂತ ಇನ್ನೂ ತೀರ್ಮಾನವಾಗಿಲ್ಲ. ಉಪ್ಪುನೀರಲ್ಲಿ ನೈಲಾನ್ ಓಡಿಸಿದವರು ಯಾರಾದರೂ ಇದ್ದರೆ ಎಷ್ಟು ದಿನ ಬಾಳಿತು ಅಂತ ಹೇಳಿ. ಅಣ್ಣನಿಗೆ ಇನ್ನೂ ವಿಷಯ ಗೊತ್ತಿಲ್ಲ.